ಬಿಗಿ ತುದಿ

ಭಾನುವಾರ, ಹರಾಜಿಲ್ಲ.
ಹಾಸನದ ಎಪಿಎಂಸಿ ಯಾರ್ಡು, ಏಳನೇ ಶೆಡ್ಡು.
ಜವರಪ್ಪ ಮೇಷ್ಟ್ರು ಗೋಣಿಚೀಲ ಹಾಸಿ
ಆಲೂಗಡ್ಡೆ ಜೋಡಿಸಿದರು.
ಐದು ಗಡ್ಡೆ ಭುಜಕ್ಕೆ ಭುಜ ಕೊಟ್ಟು ಸಾಲಾಗಿ,
ಅದರ ಹಿಂದೆ ಫರ್ಹಾನಾ, ಪಕ್ಕಕ್ಕೆ ಯಶೋಮತಿ,
ಆ ಕೊನೆಗೊಬ್ಬಳು, ಈ ಕೊನೆಗೊಬ್ಬಳು,
ನಡುವಿನ ಬಯಲಲ್ಲಿ ಮತ್ತೊಬ್ಬಳು.
ಹನ್ನೊಂದನೆಯದನ್ನು ಅಂಗೈಯಲ್ಲಿ ತೂಗುತ್ತ
ನನ್ನ ಕಡೆ ನೋಡಿದರು.
'ಇದು ನೀನು. ಟೈಟ್ ಎಂಡು.
ಕನ್ನಡದಲ್ಲಿ ಹೇಳೋದಾದರೆ ಬಿಗಿ ತುದಿ.'

ಎಲ್ಲರೂ ನಕ್ಕರು. ನಾನೂ.
ಅಮ್ಮ ಮಾತ್ರ ನಗಲಿಲ್ಲ.
ಅತ್ತ ಮೂಟೆಯ ಬಾಯಿ ಹೊಲಿಯುತ್ತಿದ್ದವಳು
ದಬ್ಬಳ ಎಳೆದು, ಗಂಟು ಹಾಕಿ,
'ತುದಿ ಬಿಗಿಯಿರದಿದ್ದರೆ ಅಷ್ಟೂ ಹೊಲಿಗೆ ದಂಡ' ಎಂದಳು.
ಆಮೇಲೆ, 'ಯಾಕೆ ಹಿಂಗೆ ಹರವಿದ್ದೀರಿ ಇವನ್ನ?'

ಎದುರಿನವರೂ ಹರವಿಕೊಳ್ಳಲಿ ಅಂತ, ಎಂದರು ಮೇಷ್ಟ್ರು,
ನಡುವೆ ಜಾಗ ಆಗಲಿ ಅಂತ.
'ರಾಶಿ ಹಾಕಿದರೆ ಬೆವರುತ್ತೆ, ಕೊಳೆಯುತ್ತೆ.
ಹರವಿದರೆ ಗಾಳಿಯಾಡುತ್ತೆ. ಅಷ್ಟೇ ತಾನೆ?'
ಅಷ್ಟೇ, ಎಂದರು ಮೇಷ್ಟ್ರು
ಕೊಂಚ ಪೆಚ್ಚಾಗಿ.
ಆರು ತಿಂಗಳು ಮೊಬೈಲಿಗೆ ಕಣ್ಣಿಟ್ಟು ಕಲಿತದ್ದು!

ನಾನು ಕಬಡ್ಡಿಯವಳು, ಹಿಡಿದರೆ ಬಿಡದವಳು.
ಇಲ್ಲಿ ಎದುರಾಳಿಯನ್ನು ಹಿಡಿದರೆ ಹತ್ತು ಗಜ ದಂಡ.
ತಳ್ಳಬೇಕು, ಹಿಡಿಯಬಾರದು.
ಚೆಂಡು ಬಂದರೆ ಮಾತ್ರ ಹಿಡಿಯಬೇಕು, ಬಿಡಬಾರದು.
ಎರಡು ಕೈಗೂ ಈ ಎರಡು ಬುದ್ಧಿ ಹೇಳಲು
ಒಂದು ಮಳೆಗಾಲ ಹೋಯಿತು.

ಒಮ್ಮೆ ಸಾಲಿಗೆ ಅಂಟಿ ನಿಲ್ಲುತ್ತೇನೆ
ಒಮ್ಮೆ ನಾಲ್ಕು ಗಜ ಸರಿದು, ಮುನಿಸಿಕೊಂಡ ಓರಗಿತ್ತಿಯ ಹಾಗೆ
ಒಮ್ಮೆ ಫರ್ಹಾನಾಳ ಮಗ್ಗುಲಲ್ಲಿ.
ಎದುರಿನವರು ಬೆರಳು ತೋರಿಸಿ ಕೂಗಾಡುತ್ತಾರೆ.
ಸಣ್ಣವಳನ್ನು ನನ್ನ ಮೇಲೆ ಬಿಟ್ಟರೆ ಗುದ್ದುತ್ತೇನೆ.
ದೊಡ್ಡವಳನ್ನು ಬಿಟ್ಟರೆ ಓಡುತ್ತೇನೆ.

ನಿಂಗವ್ವ ದೊಡ್ಡಮ್ಮ ಹೀಗೇ ಇದ್ದಳು.
ಮದುವೆ ಮನೆಯಲ್ಲಿ ಹಂಡೆ ಇಳಿಸಲೂ ಅವಳೇ
ಸೆರಗು ಸಿಕ್ಕಿಸಿ ಹೋಳಿಗೆ ಬಡಿಸಲೂ ಅವಳೇ.
ಒಲೆಯವರು ಪಂಕ್ತಿಯವಳೆಂದರು, ಪಂಕ್ತಿಯವರು ಒಲೆಯವಳೆಂದರು.
ವೀಡಿಯೊದಲ್ಲಿ ಹುಡುಕಿದರೆ
ಅಂಚಿನಲ್ಲಿ ಒಂದು ಮೊಣಕೈ.

ಫೆಬ್ರವರಿ. ಕಾಲೇಜು ಮೈದಾನ. ಮೈಸೂರಿನವರು ಬಂದಿದ್ದರು.
ಸುಣ್ಣ ಸಾಲದೆ ಕೊನೆಯ ಗೆರೆಗಳಿಗೆ ಮರದ ಹೊಟ್ಟು.
ಮಧ್ಯಾಹ್ನವಿಡೀ ಐವತ್ತನಾಲ್ಕನೇ ನಂಬರಿನವಳನ್ನು ತಳ್ಳಿದೆ.
ಅವಳ ಬಾಡಿಗೆ ಹೆಲ್ಮೆಟ್ಟಿನಿಂದ ಹರಳೆಣ್ಣೆಯ ವಾಸನೆ.
'ಸುಸ್ತಾಯ್ತೇನಕ್ಕಾ?' ಎಂದಳು ಒಮ್ಮೆ, ನಡುವೆ.
ಇಲ್ಲ ಎಂದೆ. ಸುಳ್ಳು.

ಮೇಷ್ಟ್ರು ಮೂಗು ಒರೆಸಿಕೊಂಡರು.
ಅದೇ ಸನ್ನೆ.
ಫರ್ಹಾನಾ ಯಶೋಮತಿಯ ಹೊಟ್ಟೆಗೆ ಚೆಂಡು ತುರುಕಿದಂತೆ ಮಾಡಿದಳು.
ನಾನು ಐವತ್ತನಾಲ್ಕಕ್ಕೆ ಒಂದು ಪೆಟ್ಟು ಕೊಟ್ಟು
ಒಂದು,
ಎರಡು,
ಜಾರಿದೆ.

ನಡುಬಯಲಿಗೆ ಯಾರೂ ಇರಲಿಲ್ಲ.
ಹಬ್ಬದ ಮಾರನೇ ದಿನದ ಮಂಡಿಯ ಹಾಗೆ ಖಾಲಿ.
ಎಷ್ಟೊಂದು ಜಾಗ, ನನಗೊಬ್ಬಳಿಗೇ!
ಚೆಂಡು ತಿರುಗುತ್ತ ಬಂತು, ಎದೆಗೆ ಬಡಿಯಿತು, ನಿಂತಿತು.
ಹದಿಮೂರು ಗಜ ಓಡಿದೆ.
ಯಾರೋ ಹಿಂದಿನಿಂದ ಕಾಲಿಗೆ ಬಿದ್ದರು.
ಹೊಟ್ಟಿನ ಗೆರೆಗೆ ಇನ್ನೆರಡು ಗಜ ಇತ್ತು,
ಬಾಯಿ ತುಂಬ ಮಣ್ಣು.

ಮುಂದಿನ ಸಲ ಮತ್ತೆ ಸಾಲಿನಲ್ಲಿ ನಾನು.
ಯಶೋಮತಿ ನನ್ನ ಬೆನ್ನು ಸವರಿಕೊಂಡು ಗೆರೆ ದಾಟಿದಳು.
ಪೇಪರಿನಲ್ಲಿ ಅವಳ ಫೋಟೊ ಬಂತು.
ಅಂಚಿನ ಮೊಣಕೈ ನನ್ನದು.
(ಪಂದ್ಯ ಸೋತೆವು, ಆ ಮಾತು ಬೇರೆ.)

ನೀರಿನ ಡ್ರಮ್ಮಿನ ಹತ್ತಿರ ಐವತ್ತನಾಲ್ಕು ಹೆಲ್ಮೆಟ್ಟು ತೆಗೆದಳು.
ನಾನಂದುಕೊಂಡದ್ದಕ್ಕಿಂತ ಚಿಕ್ಕ ಹುಡುಗಿ.
'ನಿಮ್ಮ ಹೆಸರೇನಕ್ಕಾ?'
ಹೇಳಿದೆ. ಅವಳೂ ಹೇಳಿದಳು.
ಇಬ್ಬರ ಹಣೆಯಲ್ಲೂ ಒಂದೇ ಕಡೆ ಬುಗುಟು.

ರಾತ್ರಿ ಅಮ್ಮ ಬಲ್ಬಿನ ಕೆಳಗೆ ನನ್ನ ಮುಖ ತಿರುಗಿಸಿ
ಹೆಬ್ಬೆರಳಲ್ಲಿ ಒತ್ತಿ ನೋಡಿದಳು,
ಗಡ್ಡೆ ಆರಿಸುವ ಅದೇ ಕಣ್ಣು.
ಗೋಲಿ ಸೈಜು ಅಂದುಕೊಂಡಿದ್ದೆ,
'ಅಲ್ಲ, ಮಧ್ಯಮ' ಎಂದಳು.